ಮೈಥಿಲಿಯ ಸ್ಪಾಟರ್

ಏಪ್ರಿಲ್ 15, 2000. ಶನಿವಾರ, ಸಂಜೆ

ಆಲ್ಟಮಾಂಟ್ ಕಾರ್ ರೇಸ್ ಟ್ರ್ಯಾಕಿನಲ್ಲಿ ಎಂದಿನ ಗಾಳಿ. ಗ್ಯಾಲರಿಯ ಛಾವಣಿಯ ಮೇಲೆ ಇಪ್ಪತ್ತೊಂದು ಗಂಡಸರು, ನಾನೊಬ್ಬಳು. ಎಲ್ಲರಿಗೂ ಹೆಡ್‌ಸೆಟ್ಟು. ಹೆಲ್ಮೆಟ್ ಹಾಕಿ ಕೂತ ಡ್ರೈವರಿಗೆ ಅಕ್ಕಪಕ್ಕ ಕಾಣುವುದಿಲ್ಲ. ಮೇಲಿನಿಂದ ಸ್ಪಾಟರುಗಳೇ ಕಣ್ಣು. ಮೊದಲು ಇವರು ನಿಲ್ಲುತ್ತಿದ್ದರು, ಜಗನ್ನಾಥ. ಮಗಳು ಯಾರನ್ನಾದರೂ ಹಿಂದೆ ಹಾಕಿದರೆ ಕುಣಿಯುವವರು. ರೇಡಿಯೊದಲ್ಲಿ ಮಾತಾಡುವುದೇ ಮರೆತುಹೋಗುತ್ತಿತ್ತು. ಎರಡನೇ ರೇಸಿಗೇ ಮೈಥಿಲಿ ಹೆಡ್‌ಸೆಟ್ಟು ತಂದು ನನ್ನ ತಲೆಗೆ ಹಾಕಿದಳು. ಎರಡು ವರ್ಷವಾಯಿತು.

"ಒಳಗಿನ ಸಾಲಿನ್ಯಾಗ ಒಬ್ಬಾಂವ ಅದಾನ... ಇನ್ನೂ ಅದಾನ... ಹಾಂ, ಖಾಲಿ. ಬಾ ಒಳಗ."

"ಕಾಪಿ, ಅವ್ವಾ." ರೇಡಿಯೊ ಭಾಷೆಯಲ್ಲಿ ಕೇಳಿಸಿತು ಅಂತ.

ಇಪ್ಪತ್ತೆರಡು ಕಾರುಗಳಲ್ಲಿ ನಾಲ್ಕನೆಯವಳು. ಹತ್ತೊಂಬತ್ತೇ ವಯಸ್ಸು!

ಮೇ 20. ಶನಿವಾರ

ಗೆದ್ದಳು. ಗೆದ್ದಳು!

ಸೋತ ಟೀಮಿನವರು ದೂರು ಕೊಟ್ಟರು. ರೇಡಿಯೊದಲ್ಲಿ ನಮ್ಮ ಮಾತು ಕೇಳುತ್ತಾರಂತೆ, ಒಂದಕ್ಷರವೂ ತಿಳಿಯುವುದಿಲ್ಲವಂತೆ. ಯಾವ ಕೋಡು ಇದು ಅಂತ ಅಧಿಕಾರಿ ಕರೆದು ಕೇಳಿದ. ಕೋಡಲ್ಲ, ಗದಗಿನ ಕನ್ನಡ ಅಂದೆ. ನಕ್ಕು ಕಳಿಸಿದ.

ಹಣ ಕೊಟ್ಟು ಬಾನೆಟ್ಟಿನ ಮೇಲೆ ಹೆಸರು ಹಾಕಿಸಿದ್ದ ಡಾಟ್‌ಕಾಮ್ ಕಂಪನಿ ಹೋದ ವಾರವೇ ಮುಚ್ಚಿದೆ. ಗೆದ್ದ ಫೋಟೊದಲ್ಲಿ ಅದರ ಹೆಸರು ಮಾತ್ರ ಮಿಂಚುತ್ತಿದೆ.

ಜುಲೈ 13. ಗುರುವಾರ, ರಾತ್ರಿ ಊಟದ ಮೇಲೆ

ಬೇಕರ್ಸ್‌ಫೀಲ್ಡಿನಿಂದ ರಸ್ ಹಾಲ್ಬರ್ಗ್ ಫೋನು. ಪಿಕಪ್ ಟ್ರಕ್ ರೇಸಿನ ಟೀಮು ಅವನದು. ಮೈಥಿಲಿ ಈಗ ಓಡಿಸುವ ಸ್ಟಾಕ್ ಕಾರಿನಿಂದ ಮೇಲಿನ ಮೆಟ್ಟಿಲು. ಸೆಪ್ಟೆಂಬರಿಗೆ ಮೈಥಿಲಿ ಬೇಕಂತೆ. ಒಂದೇ ಷರತ್ತು... ಸ್ಪಾಟರ್ ಅವನ ಕಡೆಯವನೇ.

"ದೆನ್ ನೋ," ಅಂದಳು. ತಟ್ಟೆ ಸರಿಸಿದಳು. "ನಿನ್ನ ವಾಯ್ಸ್ ಇಲ್ದ ಐ ಕಾಂಟ್ ಡ್ರೈವ್."

"ಹಂಗಾರ ನಾ ನಿನಗ ಸಹಾಯ ಮಾಡಿಲ್ಲ, ಕುಂಟಿ ಮಾಡೀನಿ."

ಹೆಚ್ಚಾಯಿತೇನೋ. ಎದ್ದು ಹೋದಳು. ಇವರು ಅವಳ ತಟ್ಟೆ ಮುಚ್ಚಿಟ್ಟರು.

ನಿಜ ಬರೆಯಬೇಕು. ಅವಳು "ನೋ" ಅಂದಾಗ ಖುಷಿಯಾಯಿತು. ಆ ಖುಷಿಗೇ ಹೆದರಿ ಹಾಗಂದೆ.

ಜುಲೈ 14. ಬೆಳಿಗ್ಗೆ

ಕೆಲಸಕ್ಕೆ, ಕಂಪ್ಯೂಟರ್ ಚಿಪ್ ಲ್ಯಾಬಿಗೆ ಹೊರಡುವ ಮುಂಚೆ ಗ್ಯಾರೇಜಿಗೆ ಹೋದೆ. ಕಾರಿನ ಕೆಳಗೆ ಮಲಗಿದ್ದಳು.

"ಅವರ ಸ್ಪಾಟರ್ ಮನಿಷ್ಯಾ ಇಪ್ಪತ್ತು ವರ್ಷ ರೇಸ್ ನೋಡ್ಯಾನ. ನಾ ನಿನ್ನೊಬ್ಬಾಕಿನ್ನ ನೋಡೀನಿ. ಹೋಗವ್ವಾ."

"ಯೂ ಶೂರ್?"

"ಇಲ್ಲ. ಆದ್ರೂ ಹೋಗು."

ಹೊರಗೆ ಬಂದು ತಬ್ಬಿಕೊಂಡಳು. ಗ್ರೀಸಿನ ಕೈ. ಶರ್ಟು ಬದಲಿಸದೆ ಕೆಲಸಕ್ಕೆ ಬಂದಿದ್ದೇನೆ.

ಸೆಪ್ಟೆಂಬರ್ 23. ಶನಿವಾರ, ಮಧ್ಯಾಹ್ನ

ಟ್ರಕ್ಕುಗಳು ಆಲ್ಟಮಾಂಟಿಗೇ ಬಂದಿವೆ. ಎರಡು ವರ್ಷದಲ್ಲಿ ಮೊದಲ ಸಲ ಜನರ ನಡುವೆ ಕೂತೆ. ಕೈ ಎಲ್ಲಿಡಬೇಕೋ ತಿಳಿಯಲಿಲ್ಲ. ಹತ್ತು ಸುತ್ತು ಬಾಯಲ್ಲೇ "ಒಳಗ ಅದಾನ, ಒಳಗ ಅದಾನ" ಅಂತಿದ್ದೆ. ಇವರು ಮೊಣಕೈ ಮುಟ್ಟಿದರು. ಸುಮ್ಮನಾದೆ.

ಆಮೇಲೆ ನೋಡಿದೆ.

ಎರಡು ವರ್ಷ ಅವಳ ಸುತ್ತಲಿನ ಖಾಲಿ ಜಾಗವನ್ನೇ ನೋಡುತ್ತಿದ್ದೆ. ಅವಳು ಓಡಿಸುವುದನ್ನು ನೋಡಿರಲೇ ಇಲ್ಲ. ತಿರುವಿಗೆ ಎಲ್ಲರಿಗಿಂತ ತಡವಾಗಿ ಬ್ರೇಕು ಒತ್ತುತ್ತಾಳೆ. ಎಲ್ಲರಿಗಿಂತ ಮೊದಲು ಆಕ್ಸಿಲರೇಟರು. ಒಬ್ಬನ ಬೆನ್ನಿಗೆ ಹನ್ನೊಂದು ಸುತ್ತು ತಾಳ್ಮೆಯಿಂದ ಅಂಟಿಕೊಂಡಿದ್ದಳು. ಅವನು ಒಂದೇ ಒಂದು ತಿರುವಿನಲ್ಲಿ ಹೊರಕ್ಕೆ ಸರಿದ, ಇವಳು ಆಗಲೇ ಮುಂದೆ. ಇದನ್ನು ಯಾರೂ ಕಲಿಸಿದ್ದಲ್ಲ. ನಾನಂತೂ ಅಲ್ಲ.

ಮೂರನೇ ಸ್ಥಾನ. ಗೆದ್ದವನ ಹೆಸರು ನೆನಪಿಲ್ಲ. ಮೈಕಿನವನು ಅವಳ ಹೆಸರನ್ನು ಚೂರು ಚೂರು ಮಾಡಿದ, ಜನ ಆದರೂ ಎದ್ದು ನಿಂತು ಕೂಗಿದರು. ಹಿಂದಿನ ಸಾಲಿನ ಮುದುಕ ಕೇಳಿದ, ಯಾರು ಈ ಹುಡುಗಿ?

"ನಮ್ಮಾಕಿ!" ಅಂದೆ. ಕನ್ನಡದಲ್ಲೇ. ಅವನಿಗೂ ಅರ್ಥವಾಯಿತು.

ಕುಣಿಯುವ ಜಗನ್ನಾಥ ಇವತ್ತು ಅಲುಗಾಡಲಿಲ್ಲ. ಕನ್ನಡಕ ಒರೆಸುತ್ತ ನಿಂತಿದ್ದರು.

ಈಗ ಗಾಡಿಗಳು ಬಂದು ನಿಲ್ಲುವ ಪಿಟ್‌ನ ಬೇಲಿಯ ಪಕ್ಕ ಬರೆಯುತ್ತಿದ್ದೇನೆ. ಅಗೋ, ಓಡಿ ಬರುತ್ತಿದ್ದಾಳೆ, ಮುಖವೆಲ್ಲ ಮಸಿ.

"ಅವ್ವಾ! ನೋಡಿದಿ?"

ಎಷ್ಟು ನೋಡಿದೆ ಅಂತ ಇವಳಿಗೆ ಹೇಗೆ—