ನಾಟಕದ ತಾರೀಖು ಬದಲಾಗಿದೆ

ಪುಟ್ಟಿ,

ಬೇಕರಿಯಲ್ಲಿ ಇವತ್ತು ಬೆಳಗಿನ ಪಾಳಿ. ನೀನು ಏಳುವವರೆಗೆ ಕಾಯುವ ಧೈರ್ಯವೂ ಆಗಲಿಲ್ಲ. ಹಾಲು ಕಾಯಿಸಿಟ್ಟಿದ್ದೇನೆ.

ನೀನು ನಮ್ಮಿಬ್ಬರಿಗೆಂದು ಆನ್‌ಲೈನ್‌ನಲ್ಲಿ ಟಿಕೆಟ್ ತೆಗೆದ ದಿನ, ನಿನ್ನ ಗೆಳತಿಯ ಎದುರಿಗೇ ನಾನು "ನಾಟಕ ಗೀಟಕ ಯಾರಿಗೆ ಬೇಕು? ವಾಪಸ್ ಕೊಡು!" ಎಂದು ರೇಗಿದೆ. ನೀನು ಫೋನ್ ಮಾಡಿದರೆ ಟಿಕೆಟ್ ಮಾರಿದವರು, "ಮನಸ್ಸು ಬದಲಾಯ್ತು ಅಂದ್ರೆ ದುಡ್ಡು ಬರಲ್ಲ. ನಾಟಕ ರದ್ದಾಗ್ಬೇಕು, ಇಲ್ಲಾ ತಾರೀಖು ಬದಲಾಗ್ಬೇಕು" ಅಂದರು. ನೀನು ಫೋನ್ ಇಟ್ಟು ಒಳಗೆ ಹೋದೆ.

ಈಗ ತಾರೀಖು ಮುಂದಿನ ಶನಿವಾರಕ್ಕೆ ಹೋಗಿದೆ. ನನ್ನ ನಂಬರ್ ಕೊಟ್ಟಿದ್ದೆಯಲ್ಲ, ಮೆಸೇಜು ನನಗೇ ಬಂತು. ನಾಲ್ಕು ದಿನ ಮುಚ್ಚಿಟ್ಟೆ, ತಪ್ಪಾಯಿತು. ಇವತ್ತು ಸಂಜೆ ಐದರೊಳಗೆ ಕೇಳಿದರೆ ಪೂರ್ತಿ ದುಡ್ಡು ಕೊಡಲೇಬೇಕು, ಅದು ನಿನ್ನ ಹಕ್ಕು. ನನ್ನ ಫೋನ್ ಫ್ರಿಜ್ ಮೇಲೆ ಬಿಟ್ಟಿದ್ದೇನೆ.

ಯಾಕೆ ಮುಚ್ಚಿಟ್ಟೆ ಅಂದರೆ, ನಿನ್ನ ಜೊತೆ ಹೋಗುವ ಆಸೆ ಹುಟ್ಟಿತ್ತು ಕಣೆ. ಅಷ್ಟು ಕೂಗಾಡಿದ ಮೇಲೆ ಹೇಳಲು ಮುಖವಿರಲಿಲ್ಲ. ಶನಿವಾರ ರಜೆಯನ್ನೂ ಕೇಳಿಬಿಟ್ಟಿದ್ದೇನೆ.

ದುಡ್ಡು ವಾಪಸ್ ತೆಗೆದುಕೊಂಡರೂ ಸರಿಯೇ. ರಜೆ ಹಾಗೇ ಇರುತ್ತದೆ. ಮನೆಯಲ್ಲೇ ಕೂತು ನಿನ್ನ ಕೈಲಿ ಬೈಸಿಕೊಳ್ಳುತ್ತೇನೆ.

ಅಪ್ಪ