ಬೋರ್ಡು ಇಳಿಸಿದ ಮೊಳೆ

ಮೈಲಾಪೂರು, ೧೯೬೨

ಅಪ್ಪಯ್ಯ,

ನೀವು ತೀರಿಹೋದ ಮೇಲೆ ಈ ಕಾಗದವನ್ನು ಯಾವ ಅಂಚೆಯವನೂ ತಲುಪಿಸಲಾರ. ಆದರೂ ಹೇಳಲೇಬೇಕು, ನನಗೆ ಕೆಲಸ ಸಿಕ್ಕಿತು!

ಮೌಂಟ್ ರೋಡಿನ ಒಂದು ಕಂಪನಿಯಲ್ಲಿ ಇವತ್ತು ಇಂಟರ್‌ವ್ಯೂ ಇತ್ತು. ಬಂದವರೆಲ್ಲ ಬಿ.ಎ.ಗಳೇ. ಮ್ಯಾನೇಜರ್ ಪಂಢರಿನಾಥರಾಯರು ನನ್ನ ಸರ್ಟಿಫಿಕೇಟನ್ನು ಬಿಡಿಸಿಯೂ ನೋಡಲಿಲ್ಲ.

"ಬಿ.ಎ. ಇರಲಿಮ್ಮಾ, ಟೈಪಿಂಗ್ ಬರುತ್ತಾ?"

ಬರುತ್ತೆ ಅಂದೆ. ತಾವು ಗೀಚಿದ್ದ ಇಂಗ್ಲಿಷ್ ಪತ್ರವೊಂದನ್ನು ಕೊಟ್ಟರು. ಟೈಪ್ ಮಾಡಿಕೊಟ್ಟೆ. ಓದಿ ನಕ್ಕುಬಿಟ್ಟರು.

"ನಾನು ಮಾಡಿದ ತಪ್ಪನ್ನೂ ತಿದ್ದಿದ್ದೀಯಲ್ಲ! ಸೋಮವಾರವೇ ಬಂದುಬಿಡು."

ನೀವು ಓದಿಸಿದ ಬಿ.ಎ. ಕೆಲಸಕ್ಕೆ ಬಂದದ್ದು ಅಲ್ಲಿ, ಅಪ್ಪಯ್ಯ.

ರಿಸಲ್ಟಿಗೂ ಮೊದಲೇ ನೀವು 'ಕುಮಾರಿ ವಿನೋದಾ, ಬಿ.ಎ.' ಎಂದು ಬೋರ್ಡು ಬರೆಸಿ ಬಾಗಿಲ ಪಕ್ಕ ಹಾಕಿದ್ದಿರಿ. ಹೋಟೆಲಿನಲ್ಲಿ ಸಾಂಬಾರು ಬಡಿಸುತ್ತಲೇ ಗಿರಾಕಿಗಳಿಗೆಲ್ಲ ಹೇಳಿದ್ದಿರಿ. ಕೆಲಸವಿಲ್ಲದೆ ವರ್ಷ ಕಳೆದಾಗ ನಾನು ಅದನ್ನು ಇಳಿಸಿ ಮಂಚದಡಿ ತಳ್ಳಿದೆ.

ಇವತ್ತು ಸಂಜೆ ಆ ಬೋರ್ಡನ್ನು ಹೊರಗೆ ತೆಗೆದು ಒರೆಸಿ, ಸುತ್ತಿಗೆ ಹುಡುಕುತ್ತಿದ್ದೆ.

"ಸುತ್ತಿಗೆ ಎಂತಕ್ಕೆ?" ಅಂದಳು ಅಮ್ಮ. "ಮೊಳೆ ಅಲ್ಲೇ ಉಂಟಲ್ಲ. ಅದಕ್ಕೊಂದು ಕೊಡೆ ತೂಗಿಹಾಕ್ಲಿಕ್ಕೂ ನಿನ್ನಪ್ಪಯ್ಯ ಬಿಡ್ಲಿಲ್ಲ."

ಹಾಕಿದ್ದೇನೆ. ಬೀದಿಯಿಂದ ಸ್ವಲ್ಪ ನೋಡಿ ಹೇಳಿ, ನೆಟ್ಟಗಿದೆಯಾ?

ವಿನೋದಾ