ಮೈನಸ್ ಹಾಕದ ಭಾರ

17-10-1988, ಸೋಮವಾರ, ಪುತ್ತೂರು

ಚಪ್ಪಲಿ ಹೊರಗೆ. ಕಾಲು ತೊಳೆದು ಒರೆಸಿ ಒಳಗೆ. ಕಂಪ್ಯೂಟರಿಗೆ ಹೊದಿಸಿದ ಬಟ್ಟೆ ತೆಗೆಯುವುದು, ಸ್ಟೆಬಿಲೈಸರ್ ಹಾಕುವುದು, ಮುಳ್ಳು ಏರಿ ನಿಲ್ಲುವ ತನಕ ಕಾಯುವುದು, ಆಮೇಲೆ ಫ್ಲಾಪಿ. ಇಷ್ಟು ಬಾಯಿಪಾಠ ಆಯಿತು. ಟ್ರೈನಿಂಗಿನ ಮೂರನೆಯ ದಿನ.

ಮಂಗಳೂರಿನಿಂದ ಕಲಿಸಲು ಬಂದವರು ಇಂಗ್ಲಿಷಿನಲ್ಲಿ ಹೇಳುತ್ತಾರೆ. ನಾನು ಕನ್ನಡದಲ್ಲಿ ಬರೆದುಕೊಳ್ಳುತ್ತೇನೆ. ಅವರು ಮುಂದಿನ ಪಾಠಕ್ಕೆ ಹೋಗಿರುತ್ತಾರೆ, ನನ್ನದು ಹಿಂದಿನ ಸಾಲಿನಲ್ಲೇ ಇರುತ್ತದೆ. ಒಂದು ಅಕ್ಷರ ಹುಡುಕಲು ಅರ್ಧ ನಿಮಿಷ.

ಕೃಷ್ಣಮೋಹನರು ಹಿಂದೆ ಬಂದು ನಿಂತರು. ಅವರ ತಂದೆಯ ನಂತರ ಈಗ ಕಟ್ಟಡದ ಲೆಕ್ಕ ಮಾಡುವ ಈ ಆಫೀಸಿನ ಇಂಜಿನಿಯರ್ ಅವರೇ. ಅವರು ಚಡ್ಡಿ ಹಾಕಿಕೊಂಡು ಓಡಾಡುತ್ತಿದ್ದಾಗ ನಾನು ಇಲ್ಲಿ ಡ್ರಾಯಿಂಗ್ ಬೋರ್ಡಿನ ಮುಂದೆ ಕೂತಿದ್ದೆ.

"ದೇವದಾಸಣ್ಣ, ಮೆಲ್ಲ ಒತ್ತಿ ಮಾರಾಯ್ರೆ. ಅದು ಅರೆಯುವ ಕಲ್ಲಲ್ಲ."

ಎಲ್ಲರೂ ನಕ್ಕರು. ನಾನೂ.

18-10-88, ಮಂಗಳವಾರ, ಸಂಜೆ

ಇಪ್ಪತ್ತಾರು ಸಾಲು ಬರೆದಿದ್ದೆ. ಕರೆಂಟ್ ಹೋಯಿತು. ಇಪ್ಪತ್ತಾರೂ ಹೋದವು.

ತಂಗಿ ಸೀತುವಿನ ಮಗಳು ಮೋಹಿನಿ ಸುಳ್ಯದಲ್ಲಿ ಸಿವಿಲ್ ಡಿಪ್ಲೊಮಾಕ್ಕೆ ಸೇರಿದ ಮೇಲೆ ಅವಳಿಗೆ ವಾರಕ್ಕೊಂದು ಕಾಗದ ಬರೆಯುತ್ತೇನೆ. ನನಗೆ ಕಲಿಸಿದವರಿಲ್ಲ. ಹಂಚಿನ ಮಾಡು, ಛಾವಣಿ ಕಟ್ಟುವ ಆಚಾರಿಯ ಹಿಂದೆ ಹಗ್ಗ ಹಿಡಿದು, ಆಮೇಲೆ ಹಳೆ ಪುಸ್ತಕ ಹಿಡಿದು ಕಲಿತದ್ದು. ಅವಳಿಗೆ ಹಾಗಾಗಬಾರದು. ಕಂಪ್ಯೂಟರನ್ನು ಅವಳು ಫೋಟೋದಲ್ಲಿ ಮಾತ್ರ ನೋಡಿದ್ದಾಳೆ. ಈ ವಾರ ಬರೆಯಬೇಕಾದದ್ದು —

ಐದು ಸಾಲಿಗೊಮ್ಮೆ ಸೇವ್ ಮಾಡಬೇಕು ಮಗಾ. ಸೊನ್ನೆ ಬೇರೆ, 'ಓ' ಅಕ್ಷರ ಬೇರೆ. ನಮ್ಮ ಕಣ್ಣಿಗೆ ಒಂದೇ, ಅದಕ್ಕೆ ಅಲ್ಲ. ಅಡಿ-ಇಂಚು ಅದಕ್ಕೆ ಗೊತ್ತಿಲ್ಲ, ಮೀಟರ್ ಮಾತ್ರ. ಮತ್ತೆ ಮುಖ್ಯ: ನೀನು ಕೇಳಿದ್ದನ್ನು ಮಾತ್ರ ಹೇಳುತ್ತದೆ. ಕೇಳಿದ್ದು ಸರಿಯಾ ಅಂತ ಅದು ಕೇಳುವುದಿಲ್ಲ.

29-10-88, ಶನಿವಾರ

ಸವಣೂರಿನ ಒಂದು ಮನೆಯ ತಾರಸಿ. ಮೊದಲು ಕೈಲೆಕ್ಕ ಮಾಡಿಟ್ಟುಕೊಂಡೆ. ಆಮೇಲೆ ಮೆಷಿನ್. ಮೀಟರನ್ನು ಇಂಚಿಗೆ ತಿರುಗಿಸಿದರೆ ಎರಡೂ ಒಂದೇ! ಅರ್ಧ ಇಂಚಿನ ರಾಡ್, ಆರು ಇಂಚಿಗೊಂದು. ಕಣ್ಣು ತುಂಬಿ ಬಂತು, ಎಂತ ಹೇಳುವುದು. ಐವತ್ತೆಂಟು ವರ್ಷಕ್ಕೆ ಪಾಸಾದ ಹಾಗೆ.

ಕೃಷ್ಣಮೋಹನರಿಗೆ ತೋರಿಸಿದೆ. ನೋಡಿದರು.

"ಒಂದೇ ಬರುದಾದರೆ ಎರಡು ಸಲ ಮಾಡುದು ಯಾಕೆ? ಇನ್ನು ಕೈಲೆಕ್ಕ ಬೇಡ ದೇವದಾಸಣ್ಣ. ಪ್ರಿಂಟ್ ತೆಗೆಯಿರಿ, ಸೈಟಿಗೆ ಕೊಡಿ."

ಮಧ್ಯಾಹ್ನ ಡ್ರಾಯಿಂಗ್ ಬೋರ್ಡನ್ನು ಅಟ್ಟಕ್ಕೆ ಹಾಕಿಸಿದರು. ಜಾಗ ಬೇಕಿತ್ತಂತೆ.

8-11-88, ಮಂಗಳವಾರ

ಕಡಬದಲ್ಲಿ ಬಸ್ಸಿಗೆ ಕಾಯುವವರಿಗೆ ತಂಗುದಾಣ. ಕಟ್ಟಿಸುವವರು ಅಲ್ಲಿಯ ಒಂದು ಯುವಕ ಮಂಡಲ. ಕಂಟ್ರಾಕ್ಟರ್ ಪೋಕರ್. ಹಿಂದೆ ಮಾತ್ರ ಕಂಬ, ಮೇಲಿನ ಕಾಂಕ್ರೀಟ್ ಮಾಡು ರಸ್ತೆಯ ಕಡೆಗೆ ಒಂಬತ್ತು ಅಡಿ ಚಾಚಿ ನಿಲ್ಲಬೇಕು. ಮುಂದೆ ಕಂಬ ಬೇಡ, ನೋಡಲು ಚಂದ ಬೇಕು.

ಇದಕ್ಕೆ ಪ್ರೋಗ್ರಾಮಿನಲ್ಲಿರುವ ತಾರಸಿಯ ರೆಡಿಮೇಡ್ ಭಾಗ ಆಗುವುದಿಲ್ಲ. ಫ್ರೇಮ್ ಎನ್ನುವ ಬೇರೆ ಭಾಗ, ಭಾರವನ್ನೆಲ್ಲ ನಾವೇ ಬರೆದು ಕೊಡಬೇಕು. ಮೊದಲ ಸಲ. ಹೆದರಿಕೆ ಇತ್ತು. ಆಯಿತು! ಅರ್ಧ ಗಂಟೆ. ಹಿಂದಾದರೆ ನಾಲ್ಕು ದಿನದ ಕೆಲಸ.

ಇಂಗ್ಲಿಷಿನ ಪ್ರಿಂಟ್ ಸೈಟಿನಲ್ಲಿ ಯಾರಿಗೂ ಓದಲು ಬಾರದು. ಹಲಗೆ-ಕಂಬ ಕೊಟ್ಟು ರಾಡ್ ಕಟ್ಟುವ ಸೆಂಟ್ರಿಂಗ್ ಮೇಸ್ತ್ರಿ ಕುಕ್ಕಪ್ಪನಿಗೆ ಯಾವಾಗಿನ ಹಾಗೆ ರಾಡ್ ಎಲ್ಲಿ, ಎಷ್ಟು ಎಂದು ಕನ್ನಡದಲ್ಲಿ ಚೀಟಿ ಬರೆದು ಸೈನ್ ಹಾಕಿದೆ. ಒಂದು ವಾರದಲ್ಲಿ ಇದು ಐದನೆಯ ಚೀಟಿ, ಉಳಿದ ನಾಲ್ಕೂ ಮಾಮೂಲು ತಾರಸಿಗೆ. ಕೃಷ್ಣಮೋಹನರು ಪ್ರಿಂಟಿಗೆ ಸೈನ್ ಹಾಕಿದರು, ನಿಂತುಕೊಂಡೇ.

5-12-88, ಸೋಮವಾರ

ಇದನ್ನು ಬರೆದಿಡಬೇಕು.

ಮೋಹಿನಿಯ ಕಾಗದ ಬಂದಿತ್ತು. "ಮಾವಾ, ಫ್ರೇಮ್ ಲೆಕ್ಕ ಹೇಗೆ ಕೊಡುದು ಅಂತ ಒಂದು ಉದಾಹರಣೆ ಬರೆದು ಕಳಿಸಿ." ಕಡಬದ ಪ್ರಿಂಟ್ ತೆಗೆದು ಅವಳಿಗೆ ನಕಲು ಮಾಡಲು ಕೂತೆ. ಪೆನ್ಸಿಲಿನಲ್ಲಿ ಮಾಡಿನ ಗೆರೆ ಎಳೆದೆ. ರಾಡಿನ ಗೆರೆ ಎಳೆಯಬೇಕು — ಕೈ ತಾನಾಗಿ ಮೇಲೆ ಹೋಯಿತು. ಪ್ರಿಂಟ್ ನೋಡಿದರೆ ಬಾಟಮ್.

ಎರಡು ಕಡೆ ಗೋಡೆ ಇರುವ ತಾರಸಿಗೆ ಕಬ್ಬಿಣ ಕೆಳಗೆ ಬೇಕು. ಚಾಚಿದ ಮಾಡು ಬಾಗುವಾಗ ಬಿರಿಯುವುದು ಮೇಲಿನ ಮೈ. ಕಬ್ಬಿಣ ಮೇಲೆ ಬೇಕು. ಕೆಳಗೆ ಎಷ್ಟು ಹಾಕಿದರೂ ಇಲ್ಲದ ಲೆಕ್ಕ.

ಫ್ಲಾಪಿ ಹಾಕಿ ನೋಡಿದೆ. ಮೆಷಿನಿಗೆ ನೆಲ ಸೊನ್ನೆ, ಮೇಲೆ ಹೋಗುವುದು ಕೂಡುವುದು, ಕೆಳಗೆ ಒತ್ತುವ ಭಾರಕ್ಕೆ ಮೈನಸ್. ನಮಗೆ ಆಚಾರಿ ಕಲಿಸಿದ್ದು ಮಾಡಿನ ನೆತ್ತಿಯಿಂದ ಕೆಳಗೆ ಅಳೆಯುವುದು. ನಲವತ್ತು ವರ್ಷ ನನಗೆ ಕೆಳಗೆ ಅಂದರೆ ಕೂಡುವುದೇ. ಮೈನಸ್ ಹಾಕಿಲ್ಲ. ಮಾಡಿನ ಭಾರವೆಲ್ಲ ಆಕಾಶದ ಕಡೆಗೆ ಎಳೆಯುತ್ತದೆ ಎಂದು ತಿಳಿದು ಮೆಷಿನ್ ಲೆಕ್ಕ ಕೊಟ್ಟಿದೆ. ತಪ್ಪಿಲ್ಲದ ಲೆಕ್ಕ.

ಮೈನಸ್ ಹಾಕಿ ಮತ್ತೆ ಮಾಡಿದೆ. ಟಾಪ್ ಎಂದು ಬಂತು.

ಚೀಟಿಯಲ್ಲಿ 'ಕೆಳಗೆ' ಎಂದು ಬರೆದವನು ನಾನೇ. ಆ ವಾರ ಬರೆದದ್ದೆಲ್ಲ 'ಕೆಳಗೆ'. ಕೈ ಬರೆಯಿತು, ತಲೆ ಅಲ್ಲಿರಲಿಲ್ಲ.

ಕಾಂಕ್ರೀಟ್ ಹಾಕಿದ್ದು ಒಂದನೇ ತಾರೀಕಿಗೆ.

6-12-88

ಕೃಷ್ಣಮೋಹನರಿಗೆ ಎರಡೂ ಪ್ರಿಂಟ್ ತೋರಿಸಿದೆ. ಓದಿದರು. ಮುಖ ಬಿಳಿಚಿತು.

"ಯಾರಿಗಾದರೂ ಹೇಳಿದ್ದೀರಾ?"

"ಇಲ್ಲ."

"ಕುಕ್ಕಪ್ಪ ಕಿಟಕಿ ಮೇಲೆ ಹೀಗೇ ಚಾಚಿದ ಎಷ್ಟು ಸನ್‌ಶೇಡ್ ಮಾಡಿದ್ದಾನೆ! ಚೀಟಿಯಲ್ಲಿ ಎಂತ ಇದ್ದರೂ ಅವ ರಾಡ್ ಮೇಲೆಯೇ ಕಟ್ಟಿರ್ತಾನೆ. ಸುಮ್ಮನೆ ತಲೆಬಿಸಿ ಬೇಡ."

ಅದೂ ಹೌದು. ಕುಕ್ಕಪ್ಪ ಕಟ್ಟಿರಬಹುದು. ಕಟ್ಟಿರಬೇಕು. ದೇವರೇ, ಕಟ್ಟಿರಲಿ.

7-12-88, ಬುಧವಾರ

ಬೆಳಗಿನ ಬಸ್ಸಿನಲ್ಲಿ ಕಡಬ. ಕುಕ್ಕಪ್ಪ ಸ್ಲಾಬಿಗೆ ನೀರು ಬಿಡುತ್ತಿದ್ದ. ನನ್ನನ್ನು ನೋಡಿ ಇಳಿದು ಬಂದ, ಟವೆಲಿನಿಂದ ಕಲ್ಲು ಒರೆಸಿ ಕೂರಲು ಹೇಳಿದ. ರಾಡ್ ಎಲ್ಲಿ ಕಟ್ಟಿದ್ದು ಎಂದು ಕೇಳಿದೆ.

"ಮೊದಲು ಮೇಲೆಯೇ ಕಟ್ಟಿದ್ದು ಅಣ್ಣ. ಸನ್‌ಶೇಡಿಗೆಲ್ಲ ಹಾಗೇ ಅಲ್ವಾ ನಾವು ಮಾಡುದು? ಮತ್ತೆ ನಿಮ್ಮ ಚೀಟಿ ನೋಡಿದೆ. ಕೆಳಗೆ ಅಂತ ಉಂಟು, ಅಡಿಯಲ್ಲಿ ನಿಮ್ಮ ಸೈನ್. ಪೋಕರ್ ಸಾವುಕಾರ್ರು ಹೇಳಿದ್ರು, 'ಈಗ ಕಂಪ್ಯೂಟರ್ ಬಂದಿದೆ, ಕ್ರಮ ಬದಲಾಗಿರ್ಬೇಕು' ಅಂತ. ನಾನು ಹೇಳಿದೆ, ಕಂಪ್ಯೂಟರ್ ಎಂತದೋ ನಂಗೆ ಗೊತ್ತಿಲ್ಲ, ದೇವದಾಸಣ್ಣ ಬರೆದದ್ದು ಹದಿನೆಂಟು ವರ್ಷದಲ್ಲಿ ಒಂದು ಸಲ ತಪ್ಪಿದ್ದಿಲ್ಲ. ಒಂದು ದಿನ ಪೂರ್ತಿ ಕೂತು ಎಲ್ಲ ಬಿಚ್ಚಿ ಕೆಳಗೆ ಕಟ್ಟಿದೆ."

ಮತ್ತೆ ನನ್ನ ಮುಖ ನೋಡಿದ. "ಎಂತ ಅಣ್ಣ? ಸರಿ ಆಗ್ಲಿಲ್ವಾ?"

ನೀರು ಕೇಳಿದೆ. ತಂದುಕೊಟ್ಟ. ಆಮೇಲೆ ಹೇಳಿದೆ, ಎಲ್ಲ. ಅವನು ಸ್ಲಾಬಿನ ಅಡಿಯ ಮರದ ಕಂಬಗಳನ್ನು ಒಂದೊಂದಾಗಿ ನೋಡಿದ.

12-12-88, ಸೋಮವಾರ

ಕೃಷ್ಣಮೋಹನರ ಕಾಲು ಹಿಡಿಯುವುದೊಂದು ಬಾಕಿ. ಮುಂದೆ ಎರಡು ಕಂಬ ಎಬ್ಬಿಸಿ ಎಂದೆ. ಚಂದ ಹೋಗುತ್ತದೆ, ಜೀವ ಉಳಿಯುತ್ತದೆ.

"ಈಗ ಕಂಬ ಹಾಕಿದರೆ ಯಾಕೆ ಅಂತ ಕೇಳ್ತಾರೆ. ಎಂತ ಹೇಳುದು? ಸಿಮೆಂಟ್ ಧಾರಾಳ ಹಾಕಿದೆ. ಮಾಡಿನ ಮೇಲೆ ಯಾರು ಕೂರ್ತಾರೆ? ನಿಲ್ತದೆ."

"ನಿಲ್ಲುದಿಲ್ಲ. ಅದರ ಭಾರ ಅದಕ್ಕೇ ಸಾಕು. ಅದು ನಿಮಗೂ ಗೊತ್ತುಂಟು."

"ದೇವದಾಸಣ್ಣ, ನಿಮಗೆ ಸ್ವಲ್ಪ ರಜೆ ಬೇಕು."

15-12-88

ಯುವಕ ಮಂಡಲದವರಲ್ಲಿಗೆ ನಾನೇ ಹೋದೆ. ತಪ್ಪು ನನ್ನದು ಎಂದೆ, ಚೀಟಿ ತೋರಿಸಿದೆ. ಕಾರ್ಯದರ್ಶಿ ಒಳ್ಳೆಯವರು, ಚಾ ತರಿಸಿದರು.

"ಇಂಜಿನಿಯರ್ರು ಮೊದಲೇ ಫೋನು ಮಾಡಿದ್ರು ಅಣ್ಣ. ಬೋರ್ಡ್ ಅಟ್ಟಕ್ಕೆ ಹಾಕಿದ್ದು ನಿಮಗೆ ಬೇಸರ ಆಗಿದೆಯಂತೆ. ನಮಗೆ ಅರ್ಥ ಆಗ್ತದೆ. ಆದರೆ ಹೊಸ ಮೆಷಿನ್ ಮೇಲೆ ಹೀಗೆ ಅಪವಾದ ಹಾಕುದು…"

"ಮೆಷಿನ್ ಮೇಲೆ ಹಾಕ್ಲಿಲ್ಲ ಮಾರಾಯ್ರೆ. ನನ್ನ ಮೇಲೆಯೇ ಹಾಕಿಕೊಂಡೆ!"

"ಚಾ ತಣಿತದೆ, ಕುಡೀರಿ."

ನಂಬಲಿಲ್ಲ. ನಾನಾದರೂ ನಂಬುತ್ತಿದ್ದೆನೋ ಇಲ್ಲವೋ.

18-12-88, ಆದಿತ್ಯವಾರ

ಮೋಹಿನಿಗೆ ಕಾಗದ. ನಾಲ್ಕು ಸಲ ಬರೆದು ಹರಿದೆ. ಐದನೆಯದು —

"ಮಗಾ, ನೀನು ಕೇಳಿದ ಉದಾಹರಣೆ ಕಳಿಸುತ್ತಿದ್ದೇನೆ. ಇದು ತಪ್ಪು ಉದಾಹರಣೆ. ಎಲ್ಲಿ ತಪ್ಪಿದೆ ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದೇನೆ. ಉತ್ತರ ಬಂದ ಮೇಲೆ ಒಂದು ಗೆರೆಯಾದರೂ ಕೈಯಲ್ಲಿ ಎಳೆದು ನೋಡು. ಯಾರಾದರೂ ಬೇಡ ಎಂದರೆ ಅವರು ಹೋದ ಮೇಲೆ ಎಳೆ. ಮತ್ತೆ, ನಿನ್ನ ಮಾವ ದೊಡ್ಡ ಲೆಕ್ಕದವ ಎಂದು ಕ್ಲಾಸಿನಲ್ಲಿ ಹೇಳಿಕೊಳ್ಳಬೇಡ."

ಅಂಚೆಗೆ ಹಾಕಿದೆ. ಹಗುರ ಆಗಲಿಲ್ಲ.

20-12-88

ಕುಕ್ಕಪ್ಪ ಪುತ್ತೂರಿಗೆ ಬಂದಿದ್ದ. ನಾಳೆ ಸೆಂಟ್ರಿಂಗ್, ಮಾಡನ್ನು ಹೊತ್ತ ಮರದ ಕಂಬ-ಹಲಗೆ, ಬಿಚ್ಚುವುದಂತೆ. ಪೋಕರ್‌ಗೆ ಹಲಗೆ ಬೇರೆ ಸೈಟಿಗೆ ಬೇಕು. ಇವನು ಆಗುವುದಿಲ್ಲ ಎಂದರೆ ಬೇರೆಯವರನ್ನು ತರುತ್ತಾರಂತೆ.

"ಬೇರೆಯವರು ಬಂದರೆ ಗೊತ್ತಿಲ್ಲದೆ ಅಡಿಗೆ ನುಗ್ತಾರೆ ಅಣ್ಣ. ನಾನೇ ಬಿಚ್ಚುತ್ತೇನೆ. ಹೊರಗೆ ನಿಂತು, ಹಗ್ಗ ಕಟ್ಟಿ ಎಳೆದು. ಬಿದ್ದರೆ ಖಾಲಿ ಜಾಗಕ್ಕೆ ಬೀಳಲಿ. ನೀವು ರಸ್ತೆಯ ಬದಿಯಲ್ಲಿ ನಿಂತು ಜನ ಬಾರದ ಹಾಗೆ ನೋಡಿ."

ಅಷ್ಟೇ ಉಳಿದದ್ದು. ಬೀಳುವುದನ್ನು ತಪ್ಪಿಸುವುದಲ್ಲ, ಖಾಲಿ ಜಾಗಕ್ಕೆ ಬೀಳಿಸುವುದು.

21-12-88, ಬುಧವಾರ, ಬೆಳಿಗ್ಗೆ 11, ಕಡಬ

ಎದುರಿನ ಹೋಟೆಲಿನ ಜಗಲಿ. ಹಗ್ಗ ತರಲು ಹೋದವ ಬರಲಿಲ್ಲ ಎಂದು ಕಾಯುತ್ತಿದ್ದೇವೆ. ಇಲ್ಲಿಂದ ರಸ್ತೆ ಎರಡೂ ಕಡೆ ಕಾಣುತ್ತದೆ. ರಸ್ತೆಗೆ ಅಡ್ಡ ಎರಡು ಬೆಂಚು ಇಟ್ಟದ್ದನ್ನು ಪೋಕರ್ ತೆಗೆಸಿದರು. "ಬಸ್ಸು ಎಲ್ಲಿ ನಿಲ್ಲಿಸುದು ಮಾರಾಯ್ರೆ? ನಿಮ್ಮದೊಂದು!"

ಚಾಚಿದ ತುದಿಯಲ್ಲಿ ಮರದ ಕಂಬಗಳು ಆರು. ಕೆಳಗೆ ತಂಪು ನೆರಳು. ಇವತ್ತು ಬಿಸಿಲು ಜೋರು.

11-20

ಹಗ್ಗ ಬಂತು. ತುದಿಯಿಂದ ಶುರು. ಮೊದಲನೆಯ ಕಂಬ ಬಂತು. ಎರಡನೆಯದು. ಎಂತದೂ ಆಗಲಿಲ್ಲ. ಪೋಕರ್ ನನ್ನ ಕಡೆ ತಿರುಗಿ ನಕ್ಕರು. ಮೂರು. ನಾಲ್ಕು. ಮಾಡಿನ ಬುಡದಲ್ಲಿ, ಬದಿಯ ಅಂಚಿನ ಮೇಲುಗಡೆ, ಕೂದಲಿನಷ್ಟು ಗೆರೆ — ಕಾಣುತ್ತದೋ, ನನ್ನ ಕಣ್ಣೋ. ಕುಕ್ಕಪ್ಪ ಐದನೆಯದಕ್ಕೆ ಹಗ್ಗ ಸುತ್ತಿದ್ದಾನೆ. ಸುಬ್ರಹ್ಮಣ್ಯದ ಬಸ್ಸು ಬಂದು ನಿಂತಿತು. ತುಂಬ ಜನ. ಇಳಿದವರು ಚೀಲ ತಲೆಗೆ ಹಿಡಿದು, ಬಿಸಿಲಿಗೆ, ನೇರ ಮಾಡಿನ ಅಡಿಗೇ